ಕಾರಿನ ಬಣ್ಣ ಬಿಸಿಲು ಮಳೆಗೆ ಹಾಳಾಗದಿರಲು ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ತಗೊಂಡ ಮೊದಲ ತಿಂಗಳು ಎಲ್ಲರಿಗೂ ಬಣ್ಣದ ಚಿಂತೆ. ಆಮೇಲೆ ಮೂರ್ನಾಲ್ಕು ವರ್ಷ ಯಾರೂ ಆ ಕಡೆ ನೋಡುವುದಿಲ್ಲ. ಮತ್ತೆ ನೆನಪಾಗುವುದು ರೂಫ್ ಮೇಲೆ ಬಿಳಿ ಮಚ್ಚೆ ಕಂಡಾಗ, ಅಷ್ಟರಲ್ಲಿ ಕೆಲಸ ಕೈ ಮೀರಿರುತ್ತದೆ. ಅದಕ್ಕೇ ಜನ ನನ್ನನ್ನು ಕೇಳಿದ್ದು, ನಾನೇ ತಪ್ಪು ಮಾಡಿ ಕಲಿತದ್ದು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕಾರಿನ ಬಣ್ಣ ಅಂದರೆ ನಿಜವಾಗಿ ಏನು? ಎಷ್ಟು ದಪ್ಪ ಇರುತ್ತದೆ?

ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ತೆಳು. ಲೋಹದ ಮೇಲೆ ಮೊದಲು ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬೇಸ್ ಕೋಟ್, ಕೊನೆಗೆ ಕ್ಲಿಯರ್ ಕೋಟ್. ನಾವು ನೋಡುವ ಬಣ್ಣ ಇರುವುದು ಬೇಸ್ ಕೋಟ್‌ನಲ್ಲಿ. ಕ್ಲಿಯರ್ ಕೋಟ್‌ಗೆ ಬಣ್ಣವೇ ಇಲ್ಲ, ಗಾಜಿನ ಹಾಗೆ ಪಾರದರ್ಶಕ. ಹೊಳಪು ಕೊಡುವುದೂ ಅದೇ, ಬಿಸಿಲು ಮಳೆಗೆ ಎದೆ ಕೊಡುವುದೂ ಅದೇ.

ಎಲ್ಲಾ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲೇ ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ಕಾರಿಗೆ ಕವಚವಾಗಿರುವ ಈ ಕ್ಲಿಯರ್ ಕೋಟ್ ಒಂದು ಕೂದಲಿಗಿಂತ ತೆಳು. ಒಮ್ಮೆ ಸವೆದರೆ ಅದು ಮತ್ತೆ ಬೆಳೆಯುವುದೂ ಇಲ್ಲ. ಕೆಳಗೆ ಬರುವ ಎಲ್ಲಾ ಉತ್ತರಗಳ ಹಿಂದೆ ಇರುವುದು ಇದೊಂದೇ ಲೆಕ್ಕ.

ಬಿಸಿಲು ಬಣ್ಣಕ್ಕೆ ಏನು ಮಾಡುತ್ತದೆ?

ಬಿಸಿಲಿನಲ್ಲಿರುವ ಯುವಿ ಕಿರಣ ಕ್ಲಿಯರ್ ಕೋಟ್‌ನ ರಾಳವನ್ನು ಸ್ವಲ್ಪಸ್ವಲ್ಪವಾಗಿ ಮುರಿಯುತ್ತದೆ. ತಯಾರಕರಿಗೆ ಇದು ಗೊತ್ತಿರುವುದರಿಂದ ಯುವಿ ಹೀರಿಕೊಳ್ಳುವ ರಾಸಾಯನಿಕಗಳನ್ನು ಅದರೊಳಗೇ ಬೆರೆಸಿರುತ್ತಾರೆ. ಆದರೆ ಅವೂ ಖರ್ಚಾಗುತ್ತಾ ಹೋಗುತ್ತವೆ. ಮೊದಲು ಹೊಳಪು ಮಂಕಾಗುತ್ತದೆ, ಆಮೇಲೆ ಹಾಲು ಚೆಲ್ಲಿ ಒಣಗಿದ ಹಾಗೆ ಬಿಳಿಚಿಕೊಳ್ಳುತ್ತದೆ, ಕೊನೆಗೆ ಒಣಗಿದ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತದೆ. ರೂಫ್, ಬಾನೆಟ್, ಡಿಕ್ಕಿ ಈ ಮೂರರಲ್ಲೇ ಇದು ಮೊದಲು ಕಾಣುವುದು, ಯಾಕೆಂದರೆ ಅವು ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತವೆ. ಬಾಗಿಲುಗಳು ಎಷ್ಟೋ ವರ್ಷ ಚೆನ್ನಾಗಿಯೇ ಉಳಿಯುತ್ತವೆ.

ಬಿಸಿಲಿನ ಇನ್ನೊಂದು ಕೈವಾಡ ಶಾಖ. ಕಡು ಬಿಸಿಲಲ್ಲಿ ಕಪ್ಪು ಕಾರಿನ ಬಾನೆಟ್ 70 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಶಾಖಕ್ಕೆ ಕ್ಲಿಯರ್ ಕೋಟ್ ಸ್ವಲ್ಪ ಮೆದುವಾಗುತ್ತದೆ, ಆಗ ಮೇಲೆ ಬಿದ್ದಿದ್ದೆಲ್ಲಾ ಒಳಗಿಳಿಯುತ್ತದೆ.

ಕೆಂಪು ಕಾರು ಬೇಗ ಮಾಸುತ್ತದೆ ಅಂತಾರೆ, ನಿಜಾನಾ?

ಹಳೇ ಕಾಲದ ಕಾರುಗಳ ಮಟ್ಟಿಗೆ ನಿಜ. ಆಗ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣವೇ ಹೊರಗಿನ ಪದರ. ಕೆಂಪಿಗೆ ಬಳಸುತ್ತಿದ್ದ ಎಷ್ಟೋ ವರ್ಣದ್ರವ್ಯಗಳು ಬಿಸಿಲಿಗೆ ಸೋಲುತ್ತಿದ್ದವು, ಕೆಂಪು ಕಾರು ನೋಡುನೋಡುತ್ತಲೇ ಗುಲಾಬಿಯಾಗುತ್ತಿತ್ತು. ಈಗಿನ ಕೆಂಪು ಅಷ್ಟು ಬೇಗ ಮಾಸುವುದಿಲ್ಲ. ಬಿಳಿ ಮತ್ತು ಬೆಳ್ಳಿ ಬಣ್ಣಗಳು ಕಮ್ಮಿ ಬಿಸಿಯಾಗುತ್ತವೆ, ಸಣ್ಣ ಗೀರುಗಳೂ ಅವುಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ತಗೊಂಡವರಿಗೆ ಕೆಲಸ ಜಾಸ್ತಿ, ಅಷ್ಟೇ. ನನ್ನದೂ ಕಪ್ಪೇ.

ಮಳೆ ಬಂದರೆ ಕಾರು ತೊಳೆದ ಹಾಗೆ ಆಯ್ತಲ್ವಾ?

ಆಗಲಿಲ್ಲ. ಮಳೆ ನೀರು ಧೂಳನ್ನು ಅತ್ತಿಂದಿತ್ತ ಸರಿಸುತ್ತದೆ, ತೆಗೆದುಕೊಂಡು ಹೋಗುವುದಿಲ್ಲ. ಮೊದಲ ಮಳೆಯಲ್ಲಂತೂ ಗಾಳಿಯಲ್ಲಿದ್ದ ಹೊಗೆ, ಮಸಿ ಎಲ್ಲಾ ಕೆಳಗಿಳಿದು ಕಾರಿನ ಮೇಲೆ ಕೂರುತ್ತದೆ. ಶುದ್ಧ ಗಾಳಿಯಲ್ಲಿ ಬಿದ್ದ ಮಳೆಯ ಪಿಹೆಚ್ ಕೂಡ ಸುಮಾರು 5.6, ಅಂದರೆ ಸ್ವಲ್ಪ ಹುಳಿಯೇ. ಕಾರ್ಖಾನೆ ಮತ್ತು ವಾಹನಗಳ ಹೊಗೆ ಸೇರಿದರೆ ಇನ್ನೂ ಹುಳಿ.

ಮಳೆ ಬೀಳುವಾಗ ದೊಡ್ಡ ತೊಂದರೆ ಏನಿಲ್ಲ. ನಿಂತ ಮೇಲೆ ಬಿಸಿಲು ಬರುತ್ತದಲ್ಲ, ಆಗ ಶುರು. ಹನಿಯಲ್ಲಿರುವ ನೀರು ಆವಿಯಾಗುತ್ತದೆ, ಕೊಳೆ ಮಾತ್ರ ಅಲ್ಲೇ ಗಟ್ಟಿಯಾಗಿ ಉಂಗುರದ ಆಕಾರದಲ್ಲಿ ಕೂರುತ್ತದೆ. ಮಳೆ ನಿಂತ ದಿನವೇ ಶುದ್ಧ ನೀರು ಹಾಯಿಸಿ ಮೆತ್ತನೆ ಬಟ್ಟೆಯಲ್ಲಿ ನೀರು ತೆಗೆದರೆ ಸಾಕು, ಶಾಂಪೂ ಕೂಡ ಬೇಡ.

ಬೋರ್ ನೀರಲ್ಲಿ ತೊಳೆದರೆ ಬಿಳಿ ಕಲೆ ಉಳಿಯುತ್ತದೆ. ಹೇಗೆ ತೆಗೆಯೋದು?

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದು. ಹೊಸದಾಗಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಕಲೆ ಮೇಲೆ ಒಂದು ನಿಮಿಷ ಇಟ್ಟು ಒರೆಸಿ. ತಕ್ಷಣ ನೀರು ಹಾಕಿ ತೊಳೆಯಿರಿ. ನೆರಳಲ್ಲಿ, ತಣ್ಣಗಿರುವ ಕಾರಿನ ಮೇಲೆ ಮಾತ್ರ ಇದನ್ನು ಮಾಡಿ. ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸ್ (ಮೇಣ) ಕೂಡ ವಿನೆಗರ್‌ಗೆ ಸ್ವಲ್ಪ ಹೋಗುತ್ತದೆ, ಆ ಜಾಗಕ್ಕೆ ಮತ್ತೆ ಹಚ್ಚಿಕೊಳ್ಳಬೇಕು. ಉಗುರಿನಿಂದ ಮುಟ್ಟಿದಾಗ ಕಲೆ ಗುಳಿಯ ಹಾಗೆ ಅನಿಸಿದರೆ ಅದು ಕ್ಲಿಯರ್ ಕೋಟ್ ಒಳಗೆ ಇಳಿದಿದೆ ಅಂತ ಅರ್ಥ. ಅದಕ್ಕೆ ಮೇಲ್ಪದರವನ್ನು ಸ್ವಲ್ಪ ತೇಯುವ ಪಾಲಿಶ್ ಒಂದೇ ದಾರಿ.

ಇದರ ಜೊತೆಗೆ ಬರುವ ಇನ್ನೊಂದು ಮಾತು: ನೀರಿನ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಬಣ್ಣ ಸುಡುತ್ತದಂತೆ. ಸುಮ್ನೆ ಮಾತು. ಬಣ್ಣದ ಮೇಲೆ ಚಪ್ಪಟೆಯಾಗಿ ಕೂತ ಹನಿ ಬೆಳಕನ್ನು ಕೂಡಿಸುವ ಜಾಗ ಬಣ್ಣದ ಮೇಲ್ಮೈಯಲ್ಲಿ ಬೀಳುವುದೇ ಇಲ್ಲ, ಅದಕ್ಕಿಂತ ಎಷ್ಟೋ ಕೆಳಗೆ ಬೀಳುತ್ತದೆ. ಕಲೆ ಮಾಡುವುದು ಹನಿಯಲ್ಲಿರುವ ಖನಿಜ.

ಹಕ್ಕಿ ಹಿಕ್ಕೆ ಹಾಕಿದರೆ ಅಷ್ಟೊಂದು ಗಾಬರಿ ಯಾಕೆ? ಭಾನುವಾರ ತೊಳೆದರಾಯ್ತು ಅಲ್ವಾ?

ಭಾನುವಾರದವರೆಗೆ ಕಾಯಬೇಡಿ. ನಾನು ಶನಿವಾರದವರೆಗೆ ಕಾದಿದ್ದೆ. ಗುರುವಾರ ಬೆಳಗ್ಗೆ ಬಾನೆಟ್ ಮೇಲೆ ಬಿದ್ದಿದ್ದು ನೋಡಿದೆ, ಆಫೀಸಿಗೆ ತಡವಾಗಿತ್ತು, ಬಿಟ್ಟೆ. ಇಡೀ ದಿನ ಕಾರು ಬಿಸಿಲಲ್ಲಿ. ಶುಕ್ರವಾರವೂ ಅದೇ ಕಥೆ. ಶನಿವಾರ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆದರೆ ಹಿಕ್ಕೆ ಹೋಯಿತು, ಅದರ ಅಚ್ಚು ಉಳಿಯಿತು. ನೇರವಾಗಿ ನೋಡಿದರೆ ಏನೂ ಕಾಣಿಸದು. ಬಗ್ಗಿ, ಟ್ಯೂಬ್‌ಲೈಟ್ ಬೆಳಕು ಬಾನೆಟ್ ಮೇಲೆ ಉದ್ದಕ್ಕೆ ಬೀಳುವ ಹಾಗೆ ನೋಡಿದರೆ, ಆ ಜಾಗದಲ್ಲಿ ಬೆಳಕಿನ ಗೆರೆ ಸುಕ್ಕುಗಟ್ಟಿದಂತೆ ಮುರಿಯುತ್ತದೆ. ಬೆರಳಾಡಿಸಿದರೆ ಮೇಣದ ಮೇಲೆ ಬೆರಳಿಟ್ಟ ಗುರುತಿನಂಥ ಸಣ್ಣ ಏರಿಳಿತ. ನಾಲ್ಕು ವರ್ಷ ಆಯಿತು, ಇವತ್ತಿಗೂ ಇದೆ.

ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಅದು ಸುಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆಮ್ಲಕ್ಕಿಂತ ಶಾಖದ ಪಾತ್ರ ದೊಡ್ಡದು. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ, ಅಷ್ಟರಲ್ಲಿ ಹಿಕ್ಕೆ ಒಣಗಿ ಗಟ್ಟಿಯಾಗಿರುತ್ತದೆ. ರಾತ್ರಿ ತಣ್ಣಗಾದಾಗ ಕ್ಲಿಯರ್ ಕೋಟ್ ಕುಗ್ಗುತ್ತಾ ಆ ಒರಟು ಹಿಕ್ಕೆಯ ಆಕಾರಕ್ಕೇ ಹೊಂದಿಕೊಂಡು ಗಟ್ಟಿಯಾಗುತ್ತದೆ, ಎರಕ ಹೊಯ್ದ ಹಾಗೆ. ಅದಕ್ಕೇ ತಂಪು ದಿನಗಳಲ್ಲಿ ಎರಡು ದಿನ ಬಿಟ್ಟರೂ ಏನೂ ಆಗದ ಹಿಕ್ಕೆ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಅಚ್ಚೊತ್ತುತ್ತದೆ.

ತೆಗೆಯುವಾಗ ಉಜ್ಜಬೇಡಿ. ಅದರೊಳಗೆ ಬೀಜ, ಮರಳು ಏನೇನೋ ಇರುತ್ತದೆ. ನೀರಲ್ಲಿ ಚೆನ್ನಾಗಿ ನೆನೆಸಿದ ಬಟ್ಟೆಯನ್ನೋ ಟಿಶ್ಯೂ ಪೇಪರನ್ನೋ ಅದರ ಮೇಲೆ ಐದು ಹತ್ತು ನಿಮಿಷ ಇಡಿ. ಆಮೇಲೆ ಚಿವುಟಿ ಎತ್ತುವ ಹಾಗೆ ಎತ್ತಿ. ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಒಂದು ಸಣ್ಣ ಸ್ಪ್ರೇ ಬಾಟಲಿ, ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡರೆ ಎಲ್ಲೇ ಇದ್ದರೂ ಎರಡು ನಿಮಿಷದ ಕೆಲಸ. ಕಾರಿಗಾಗಿ ನಾನು ಖರೀದಿಸಿದ ವಸ್ತುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸ್ಪ್ರೇ ಬಾಟಲಿಯೇ.

ಮುಂಭಾಗಕ್ಕೆ ಬಡಿದು ಸತ್ತ ಹುಳುಗಳಿಗೂ ಇದೇ ಮಾತು. ರಾತ್ರಿ ದೂರದ ಹೆದ್ದಾರಿ ಪ್ರಯಾಣ ಮಾಡಿದ್ದರೆ ಬೆಳಗ್ಗೆಯೇ ನೆನೆಸಿ ತೆಗೆಯಿರಿ.

ಮರದ ನೆರಳಲ್ಲಿ ನಿಲ್ಲಿಸೋದು ಒಳ್ಳೆಯದಾ, ಬಿಸಿಲಲ್ಲಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಹಕ್ಕಿ ಕೂರದ, ಅಂಟು ಸುರಿಸದ ಮರವಾದರೆ ನೆರಳೇ ಮೇಲು. ನಿಲ್ಲಿಸುವ ಮುಂಚೆ ನೆಲ ನೋಡಿ. ನೆಲದ ಮೇಲೆ ಬಿಳಿ ಚುಕ್ಕೆಗಳಿದ್ದರೆ ಮೇಲೆ ಹಕ್ಕಿಗಳಿವೆ. ನೆಲ ಜಿಗುಟಾಗಿ ಕಪ್ಪಾಗಿದ್ದರೆ ಮರ ಅಂಟು ಸುರಿಸುತ್ತಿದೆ, ಇಲ್ಲವೇ ಎಲೆಗಳಲ್ಲಿರುವ ಹೇನಿನಂಥ ಕೀಟಗಳು ಸಿಹಿ ಅಂಟು ಸುರಿಸುತ್ತಿವೆ. ಎರಡೂ ಕಾರಿಗೆ ಕೆಟ್ಟವೇ.

ಅಂಟು ಒಣಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಅದರ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಕರಗುತ್ತದೆ. ಉಗುರಿನಿಂದ ಕೆರೆಯಬೇಡಿ. ಒದ್ದೆ ಎಲೆಗಳನ್ನೂ ಕಾರಿನ ಮೇಲೆ ದಿನಗಟ್ಟಲೆ ಬಿಡಬೇಡಿ, ಚಹಾ ಸೊಪ್ಪಿನಿಂದ ಬಣ್ಣ ಇಳಿಯುತ್ತದಲ್ಲ, ಹಾಗೆ ಎಲೆಯಿಂದಲೂ ಕಂದು ಕಲೆ ಇಳಿಯುತ್ತದೆ. ಹಾಗೆಯೇ ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಎಲೆ ತುಂಬಿಕೊಂಡಿದೆಯಾ ನೋಡಿ. ಅಲ್ಲಿ ನೀರು ಹೋಗುವ ದಾರಿ ಮುಚ್ಚಿದರೆ ಒಳಗೊಳಗೇ ತುಕ್ಕು ಶುರುವಾಗುತ್ತದೆ.

ಬಾಡಿ ಕವರ್ ಹಾಕಿದರೆ ಎಲ್ಲಾ ಸರಿ ಹೋಗುತ್ತಲ್ವಾ?

ಗಾಳಿ ಬೀಸದ ಜಾಗದಲ್ಲಿ, ತೊಳೆದು ಒಣಗಿದ ಕಾರಿನ ಮೇಲೆ, ಗಾಳಿಯಾಡುವ ಬಟ್ಟೆಯ ಕವರ್, ಅದೂ ಅಳತೆಗೆ ಸರಿಯಾಗಿ ಕೂರುವಂಥದ್ದು ಹಾಕಿದರೆ ತುಂಬಾ ಒಳ್ಳೆಯದು. ಇದರಲ್ಲಿ ಒಂದು ತಪ್ಪಿದರೂ ಕವರ್‌ನಿಂದಲೇ ನಷ್ಟ.

ನಮ್ಮ ಮನೆಯ ಹಳೇ ಕಾರಿಗೆ ಒಂದು ಸಡಿಲ ಕವರ್ ಇತ್ತು. ಗಾಳಿ ಜೋರಿದ್ದ ದಿನಗಳಲ್ಲಿ ಅದು ಪಟಪಟ ಬಡಿದುಕೊಳ್ಳುತ್ತಿತ್ತು, ನಾವು ಕಿಟಕಿಯಿಂದ ನೋಡಿ ಕವರ್ ಕೆಲಸ ಮಾಡ್ತಾ ಇದೆ ಅಂದುಕೊಂಡು ಸುಮ್ಮನಿದ್ದೆವು. ಒಂದು ಋತು ಕಳೆದ ಮೇಲೆ ತೆಗೆದು ನೋಡಿದರೆ ಕನ್ನಡಿಯ ಅಂಚಲ್ಲಿ, ಬಾನೆಟ್‌ನ ಮೂಲೆಯಲ್ಲಿ ಬಣ್ಣ ಉಜ್ಜಿ ಹೋಗಿ ಬೂದು ಪ್ರೈಮರ್ ಕಾಣುತ್ತಿತ್ತು. ಕವರ್‌ಗೂ ಕಾರಿಗೂ ನಡುವೆ ಇದ್ದ ಧೂಳು ಸ್ಯಾಂಡ್‌ಪೇಪರಿನ ಕೆಲಸ ಮಾಡಿತ್ತು.

ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಬಿಸಿಲಿಗೆ ಆವಿಯಾಗಿ ಬಣ್ಣದಲ್ಲಿ ಸಣ್ಣ ಗುಳ್ಳೆ ಏಳಬಹುದು. ಒದ್ದೆ ಕಾರಿಗೆ ಕವರ್ ಹಾಕಬೇಡಿ, ಮಳೆಗೆ ನೆನೆದ ಕವರ್ ಅನ್ನು ದಿನಗಟ್ಟಲೆ ಬಿಡಬೇಡಿ. ದಿನಾ ಓಡಿಸುವ ಕಾರಿಗೆ ಕವರ್ ಬೇಕೇ ಅಂತ ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ದಿನಾ ಧೂಳಿನ ಮೇಲೆ ಎಳೆಯುವುದು, ದಿನಾ ತೆಗೆಯುವುದು, ಅದೇ ಒಂದು ಸವೆತ. ಕಾರ್‌ಪೋರ್ಟ್ ಅಥವಾ ತಗಡಿನ ಮಾಡು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ.

ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುತ್ತೇವೆ. ಅದರಲ್ಲೇನು ತಪ್ಪು?

ಇಡೀ ಪುಟದಲ್ಲಿ ಒಂದೇ ಒಂದು ಅಭ್ಯಾಸ ಬಿಡಿಸಬಹುದು ಅಂದರೆ ಇದನ್ನೇ ಬಿಡಿಸುತ್ತೇನೆ. ಧೂಳು ಅಂದರೆ ಅರ್ಧಕ್ಕರ್ಧ ಮರಳಿನ ಪುಡಿ. ಅದು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆ ಆ ಪುಡಿಯನ್ನು ಹಿಡಿದುಕೊಂಡು ಬಣ್ಣದ ಮೇಲೆ ಎಳೆಯುತ್ತದೆ. ಒಂದು ದಿನಕ್ಕೆ ಏನೂ ಕಾಣಿಸದು. ಒಂದು ವರ್ಷ ಆದ ಮೇಲೆ ಬೀದಿದೀಪದ ಕೆಳಗೆ ನಿಲ್ಲಿಸಿ ನೋಡಿ, ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೀರುಗಳು. ಬಿಸಿಲಿಗಿಂತ, ಮಳೆಗಿಂತ ಹೆಚ್ಚು ಕಾರುಗಳನ್ನು ಮಂಕು ಮಾಡಿದ್ದು ಈ ಬೆಳಗಿನ ಒರೆಸಾಟವೇ ಅಂತ ನನಗೆ ಖಾತ್ರಿಯಾಗಿದೆ.

ಧೂಳು ಇದ್ದರೆ ಇರಲಿ ಬಿಡಿ. ಗಾಜು ಒರೆಸಿಕೊಂಡು ಹೋಗಿ. ಒಣಗಿದ ಧೂಳಿನಿಂದ ಕೆಲವು ದಿನಕ್ಕೆ ಬಣ್ಣಕ್ಕೆ ಏನೂ ಆಗುವುದಿಲ್ಲ. ನೀವು ಹೇಳಿದ ಮೇಲೂ ಕಾರು ತೊಳೆಯಲು ಬರುವವರು ಅದೇ ಒಣ ಚಿಂದಿ ಹಿಡಿದು ಬಂದರೆ, ಅವರಿಗೆ ಒಂದು ಬಕೆಟ್ ನೀರು ಮತ್ತು ಒಳ್ಳೆಯ ಬಟ್ಟೆ ನೀವೇ ಕೊಡಿ.

ಹಾಗಾದರೆ ಸರಿಯಾಗಿ ತೊಳೆಯೋದು ಹೇಗೆ?

ನೆರಳಲ್ಲಿ ನಿಲ್ಲಿಸಿ. ಬಾನೆಟ್ ಮೇಲೆ ಅಂಗೈ ಇಡಿ, ಬಿಸಿ ಇದ್ದರೆ ಆರುವವರೆಗೆ ಕಾಯಿರಿ. ಮೊದಲು ಬರೀ ನೀರು, ಮೇಲಿಂದ ಕೆಳಗೆ ಚೆನ್ನಾಗಿ. ಅರ್ಧ ಕೊಳೆ ಇದರಲ್ಲೇ ಇಳಿಯಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಮೊದಲ ಸಲ ಆ ಎರಡನೇ ಬಕೆಟ್‌ನ ತಳ ನೋಡಿದಾಗ ನಂಬಲಾಗಲಿಲ್ಲ, ಒಂದು ಹಿಡಿ ಮಣ್ಣು ಕೂತಿತ್ತು. ಒಂದೇ ಬಕೆಟ್ ಇದ್ದಾಗ ಅದಷ್ಟನ್ನೂ ಕಾರಿಗೇ ತಿಕ್ಕುತ್ತಿದ್ದೆ.

ರೂಫ್‌ನಿಂದ ಶುರು ಮಾಡಿ, ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಬ್ರೇಕ್‌ನಿಂದ ಉದುರುವ ಕಬ್ಬಿಣದ ಪುಡಿ ಅದರಲ್ಲಿ ಇರುತ್ತದೆ, ಆ ಬಟ್ಟೆ ಬಾನೆಟ್ ಮುಟ್ಟಬಾರದು. ಕೆಳಗೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಬಳಸಬೇಡಿ. ಕೊನೆಗೆ ದೊಡ್ಡ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿ. ತಾನಾಗಿ ಒಣಗಲಿ ಅಂತ ಬಿಟ್ಟರೆ ಮತ್ತೆ ಆ ಬಿಳಿ ಉಂಗುರಗಳೇ.

ಎಷ್ಟು ದಿನಕ್ಕೊಮ್ಮೆ? ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಾಕು. ದಿನಾ ತೊಳೆಯುವುದು ಕಾಳಜಿಯ ಹಾಗೆ ಕಂಡರೂ ಸವೆತವೇ ಜಾಸ್ತಿ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ?

ಒಂದು ಸಲ ಹಾಕಿದರೆ ಬಣ್ಣ ಕಿತ್ತು ಬರುವುದಿಲ್ಲ. ಆದರೆ ಅದು ಜಿಡ್ಡು ತೆಗೆಯಲೆಂದೇ ಮಾಡಿದ್ದು, ನೀವು ಹಚ್ಚಿದ ವ್ಯಾಕ್ಸ್ ಅದರ ಕಣ್ಣಿಗೆ ಜಿಡ್ಡೇ. ಬಟ್ಟೆ ಒಗೆಯುವ ಪುಡಿಯಂತೂ ಇನ್ನೂ ಖಾರ. ಪಿಹೆಚ್ ಸಮ ಇರುವ ಕಾರ್ ಶಾಂಪೂ ಒಂದು ಬಾಟಲಿ ತಗೊಂಡರೆ ಎಷ್ಟೋ ತಿಂಗಳು ಬರುತ್ತದೆ.

ವ್ಯಾಕ್ಸ್, ಸೀಲೆಂಟ್, ಸೆರಾಮಿಕ್, ಪಿಪಿಎಫ್: ಯಾವುದು ಹಾಕಿಸಲಿ?

ಎಲ್ಲದರ ಕೆಲಸ ಒಂದೇ, ಕ್ಲಿಯರ್ ಕೋಟ್ ಬದಲು ತಾನು ಸವೆಯುವುದು. ಎಷ್ಟು ಕಾಲ, ಏನನ್ನು ತಡೆಯುತ್ತವೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ವ್ಯಾಕ್ಸ್‌ನಲ್ಲಿ ಹೆಸರುವಾಸಿ ಕಾರ್ನೌಬಾ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ, ಒಣ ಹವೆಯಲ್ಲಿ ನೀರು ಆರದಿರಲು ತನ್ನ ಗರಿಗಳ ಮೇಲೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಅದನ್ನೇ ಉದುರಿಸಿ ನಾವು ಕಾರಿಗೆ ಹಚ್ಚುವುದು. ಸುಮಾರು 82ರಿಂದ 86 ಡಿಗ್ರಿಗೆ ಕರಗುತ್ತದೆ, ಸಸ್ಯಮೇಣಗಳಲ್ಲಿ ಇದು ತುಂಬಾ ಗಟ್ಟಿ. ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಒಂದೆರಡು ತಿಂಗಳಲ್ಲಿ ಹೋಗುತ್ತದೆ. ಸೀಲೆಂಟ್ ಅಂದರೆ ಕೃತಕ ಪಾಲಿಮರ್, ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ಸ್ವಂತ ಕೈಯಿಂದ ಕೆಲಸ ಮಾಡುವವರಿಗೆ, ಕಾರು ಹೊರಗೇ ನಿಲ್ಲುವವರಿಗೆ ನಾನು ಹೇಳುವುದು ಇದನ್ನೇ. ವರ್ಷಕ್ಕೆ ಎರಡು ಸಲ ಹಚ್ಚಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ.

ಸೆರಾಮಿಕ್ ಕೋಟಿಂಗ್ ಸಿಲಿಕಾ ಮೂಲದ್ದು. ಕ್ಲಿಯರ್ ಕೋಟ್‌ಗೆ ಬಿಗಿಯಾಗಿ ಅಂಟಿ ಗಟ್ಟಿಯಾಗುತ್ತದೆ, ಚೆನ್ನಾಗಿ ಹಚ್ಚಿದ್ದರೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ಕೊಳೆ ಅಂಟುವುದು ಕಮ್ಮಿ, ತೊಳೆಯುವುದು ಸುಲಭ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮೀರುವುದು ಅಪರೂಪ. ಕಲ್ಲು ಬಡಿದರೆ, ಯಾರೋ ಕೀಲಿಯಲ್ಲಿ ಗೀಚಿದರೆ ಅದರಿಂದ ಏನೂ ತಡೆಯಲಾಗದು. ಹಿಕ್ಕೆ ಬಿದ್ದರೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಅಷ್ಟೇ.

ಕಲ್ಲಿನ ಏಟು ತಡೆಯುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಮಾತ್ರ. ಇದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಅಂದರೆ ಕಾರಿನ ಇಡೀ ಬಣ್ಣಕ್ಕಿಂತ ದಪ್ಪ. ಒಳ್ಳೆಯ ಹಾಳೆಗಳಲ್ಲಿ ಸಣ್ಣ ಗೀರು ಬಿದ್ದರೆ ಬಿಸಿಲಿಗೋ ಬಿಸಿನೀರಿಗೋ ತಾನೇ ಮುಚ್ಚಿಕೊಳ್ಳುತ್ತದೆ. ದುಬಾರಿ. ಇಡೀ ಕಾರಿಗೆ ಬೇಡ ಅನಿಸಿದರೆ ಬಾನೆಟ್, ಮುಂದಿನ ಬಂಪರ್, ಕನ್ನಡಿಗಳು, ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಇಷ್ಟಕ್ಕೆ ಹಾಕಿಸಿ.

ಹೆದ್ದಾರಿಯಲ್ಲಿ ಹೆಚ್ಚು ಓಡಾಟ ಇದ್ದವರು ಪಿಪಿಎಫ್ ಬಗ್ಗೆ ಯೋಚಿಸಿ. ಮಾಡಿನ ಕೆಳಗೆ ನಿಲ್ಲುವ, ಊರೊಳಗೆ ಓಡುವ ಕಾರಿಗೆ ಸೀಲೆಂಟ್ ಧಾರಾಳ ಸಾಕು.

ಸೆರಾಮಿಕ್‌ಗೆ 9ಹೆಚ್ ಗಡಸುತನ ಅಂತಾರಲ್ಲ, ವಜ್ರದಷ್ಟು ಗಟ್ಟಿಯಾ?

ನನ್ನ ಹತ್ತಿರವೂ ಒಬ್ಬ ಮಾರಾಟಗಾರ ಹೀಗೇ ಹೇಳಿದ್ದ. ಆ 9ಹೆಚ್ ಪೆನ್ಸಿಲ್ ಲೆಕ್ಕ. ಬೇರೆ ಬೇರೆ ಗಡಸುತನದ ಪೆನ್ಸಿಲ್‌ಗಳಿಂದ ಪದರದ ಮೇಲೆ ಗೀಚಿ ನೋಡುವ ಪರೀಕ್ಷೆ, ಅದರಲ್ಲಿ 9ಹೆಚ್ ಅತ್ಯಂತ ಗಟ್ಟಿ ಪೆನ್ಸಿಲ್. ವಜ್ರಕ್ಕೆ 10 ಅಂಕ ಕೊಡುವುದು ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನ, ಅದು ಬೇರೆ. ಅದೇ ಮೋಸ್ ಮಾಪನದಲ್ಲಿ ಮರಳಿನ ಕ್ವಾರ್ಟ್ಸ್ 7. ಸೆರಾಮಿಕ್ ಹಾಕಿಸಿದ ಮೇಲೂ ಒಣ ಬಟ್ಟೆ ಹಿಡಿದರೆ ಗೀರು ಬೀಳುತ್ತದೆ.

ಹೊಸ ಕಾರಿಗೆ ತಕ್ಷಣ ವ್ಯಾಕ್ಸ್ ಹಚ್ಚಬಹುದಾ?

ಹಚ್ಚಬಹುದು. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಒಲೆಯಲ್ಲಿ ಬಣ್ಣ ಬೇಯಿಸಿರುತ್ತಾರೆ, ಅದು ಹೊರಗೆ ಬರುವಾಗಲೇ ಗಟ್ಟಿಯಾಗಿರುತ್ತದೆ. ಅಪಘಾತ ಆಗಿ ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಮಾತ್ರ ಕಾಯಬೇಕು. ಅದರಲ್ಲಿರುವ ದ್ರಾವಕ ನಿಧಾನಕ್ಕೆ ಹೊರಗೆ ಹೋಗುತ್ತಿರುತ್ತದೆ, ಒಂದರಿಂದ ಮೂರು ತಿಂಗಳು ಬಿಡಿ ಅನ್ನುವುದು ವಾಡಿಕೆ. ಪೇಂಟ್ ಮಾಡಿದವರನ್ನೇ ಕೇಳಿಕೊಳ್ಳಿ.

ತೊಳೆದ ಮೇಲೂ ಬಣ್ಣ ಒರಟಾಗಿ ಅನಿಸುತ್ತದೆ. ಯಾಕೆ?

ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ತೊಳೆದ ಬಾನೆಟ್ ಮೇಲೆ ಮೆಲ್ಲಗೆ ಆಡಿಸಿ. ಬರಿಗೈಗೆ ಗೊತ್ತಾಗದ ಹರಳು ಹರಳು ಹೀಗೆ ಗೊತ್ತಾಗುತ್ತದೆ. ಅದು ಬ್ರೇಕ್‌ನ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು. ಶಾಂಪೂವಿಗೆ ಬಗ್ಗುವುದಿಲ್ಲ. ಕ್ಲೇ ಬಾರ್ ಅನ್ನುವ ಹಿಟ್ಟಿನಂಥ ಮುದ್ದೆ ಸಿಗುತ್ತದೆ, ಬಣ್ಣದ ಮೇಲೆ ಜಾರುವ ದ್ರವ ಸಿಂಪಡಿಸಿ ಅದನ್ನು ಒತ್ತದೆ ಜಾರಿಸಿದರೆ ಎಲ್ಲಾ ಎತ್ತಿಕೊಳ್ಳುತ್ತದೆ. ಮುದ್ದೆ ಕೆಳಗೆ ಬಿದ್ದರೆ ಬಿಸಾಡಿ, ಆಸೆ ಬೇಡ. ವರ್ಷಕ್ಕೆ ಒಂದೆರಡು ಸಲ, ವ್ಯಾಕ್ಸ್ ಹಚ್ಚುವ ಮುಂಚೆ ಮಾಡಿದರೆ ಸಾಕು.

ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಅಲ್ವಾ?

ಎರಡೂ ಉಲ್ಟಾ ಕೆಲಸ ಮಾಡುತ್ತವೆ. ವ್ಯಾಕ್ಸ್ ಮೇಲೆ ಪದರ ಸೇರಿಸುತ್ತದೆ. ಪಾಲಿಶ್ ಕ್ಲಿಯರ್ ಕೋಟ್ ಅನ್ನೇ ಸ್ವಲ್ಪ ತೇಯ್ದು ಗೀರಿನ ಅಂಚುಗಳನ್ನು ಸಮ ಮಾಡುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಮಷಿನ್ ಪಾಲಿಶ್ ಮಾಡಿಸ್ತೀನಿ ಅಂತ ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. 40 ಮೈಕ್ರಾನ್‌ನಲ್ಲಿ ಪ್ರತಿ ಸಲ ಒಂದೆರಡು ಹೋದರೂ, ಉಳಿದಿದ್ದು ತೆಳುವಾದಷ್ಟೂ ಬಿಸಿಲಿಗೆ ಬೇಗ ಸೋಲುತ್ತದೆ.

ಟೂತ್‌ಪೇಸ್ಟ್, ಡೀಸೆಲ್, ಸೀಮೆಎಣ್ಣೆ ಹಾಕಿದರೆ ಹೊಳಪು ಬರುತ್ತೆ ಅಂತಾರೆ?

ಟೂತ್‌ಪೇಸ್ಟ್ ಅಳತೆ ಇಲ್ಲದ ಪಾಲಿಶ್. ಡೀಸೆಲ್, ಸೀಮೆಎಣ್ಣೆ ಹೊಳಪು ಬರೀ ಎಣ್ಣೆಯ ಜಿಡ್ಡು, ಸಂಜೆಯೊಳಗೆ ಧೂಳೆಲ್ಲಾ ಅಂಟಿಕೊಂಡಿರುತ್ತದೆ, ಇದ್ದ ವ್ಯಾಕ್ಸ್ ಹೋಗಿರುತ್ತದೆ, ರಬ್ಬರ್ ಬೀಡಿಂಗ್ ಕೂಡ ಹಾಳು. ಬೇಡ.

ಕಲ್ಲು ಬಡಿದು ಚುಕ್ಕೆ ಹಾರಿಹೋಗಿದೆ. ಬಿಡಬಹುದಾ?

ಪ್ಲಾಸ್ಟಿಕ್ ಬಂಪರ್ ಮೇಲಾದರೆ ಬಿಡಿ, ಅಂದ ಮಾತ್ರ ಹೋಗಿದೆ. ಉಕ್ಕಿನ ಭಾಗದಲ್ಲಿ ಲೋಹ ಕಾಣುತ್ತಿದ್ದರೆ ಬಿಡಬೇಡಿ. ತುಕ್ಕು ಆ ಚುಕ್ಕೆಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಬಣ್ಣದ ಕೆಳಗೆ ನುಗ್ಗಿ ಗುಳ್ಳೆ ಎಬ್ಬಿಸುತ್ತದೆ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಬಣ್ಣದ ಕೋಡ್ ಇರುವ ಚೀಟಿ ಇರುತ್ತದೆ, ಅದಕ್ಕೆ ಹೊಂದುವ ಟಚ್‌ಅಪ್ ಪೇಂಟ್ ತಗೊಳ್ಳಿ. ಜಾಗ ಸ್ವಚ್ಛ ಮಾಡಿ, ಒಣಗಿಸಿ, ಬೆಂಕಿಕಡ್ಡಿಯ ತುದಿಯಲ್ಲಿ ಸಣ್ಣ ಹನಿ ಇಡಿ. ಕಡ್ಡಿಯಲ್ಲಿ ಕುಂಚಕ್ಕಿಂತ ಚೆನ್ನಾಗಿ ಆಗುತ್ತದೆ. ಅಂದ ಸ್ವಲ್ಪ ಕೆಟ್ಟರೂ ತುಕ್ಕು ನಿಲ್ಲುತ್ತದೆ.

ಸಮುದ್ರದ ಪಕ್ಕ ಇದ್ದೇವೆ. ಬೇರೆ ಏನಾದರೂ ಮಾಡಬೇಕಾ?

ಉಪ್ಪು ಬಣ್ಣಕ್ಕಿಂತ ಲೋಹಕ್ಕೆ ಶತ್ರು. ಕಾರಿನ ಹೊಟ್ಟೆ, ಚಕ್ರದ ಕಮಾನು, ಬಾಗಿಲಿನ ತಳ, ಇವಕ್ಕೆ ವಾರಕ್ಕೊಮ್ಮೆ ಸಿಹಿನೀರು ಜೋರಾಗಿ ಹಾಯಿಸಿ. ಬಾಗಿಲಿನ ಅಡಿ ಸಣ್ಣ ತೂತುಗಳಿರುತ್ತವೆ, ಒಳಗಿಳಿದ ನೀರು ಹೊರಹೋಗಲು. ಅವು ಮಣ್ಣು ತುಂಬಿ ಮುಚ್ಚಿವೆಯಾ ನೋಡಿ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಇರುವವರಿಗೂ ಇದೇ ಮಾತು.

ಹಿಮ, ಆಲಿಕಲ್ಲು?

ಹಿಮವನ್ನು ಮೆತ್ತನೆಯ ಸ್ಪಂಜು ಕಟ್ಟಿದ ಕೋಲಿನಲ್ಲಿ ತಳ್ಳಿ, ಗಾಜು ಕೆರೆಯುವ ಸಲಕರಣೆ ಬಣ್ಣಕ್ಕೆ ಮುಟ್ಟಿಸಬೇಡಿ. ಹೆಪ್ಪುಗಟ್ಟಿದ ಗಾಜಿಗೆ ಕುದಿವ ನೀರು ಹಾಕಬೇಡಿ, ಗಾಜು ಬಿರುಕು ಬಿಡಬಹುದು. ಆಲಿಕಲ್ಲಿಗೆ ಸೂರು ಒಂದೇ ಔಷಧ. ಸಿಗದಿದ್ದರೆ ದಪ್ಪ ಕಂಬಳಿ ಹೊದಿಸಿ, ನಿಂತ ಮೇಲೆ ತೆಗೆಯಿರಿ. ತಗ್ಗು ಬಿದ್ದರೂ ಬಣ್ಣ ಒಡೆದಿಲ್ಲ ಅಂದರೆ ಪೇಂಟ್ ಮಾಡಿಸದೆ ಒಳಗಿಂದ ಒತ್ತಿ ಸರಿ ಮಾಡುವವರು ಇದ್ದಾರೆ.

ಮ್ಯಾಟ್ (ಹೊಳಪಿಲ್ಲದ) ಬಣ್ಣದ ಕಾರಿಗೂ ಇದೆಲ್ಲಾ ನಡೆಯುತ್ತಾ?

ತೊಳೆಯುವ ಕ್ರಮ ನಡೆಯುತ್ತದೆ. ಪಾಲಿಶ್, ಸಾಮಾನ್ಯ ವ್ಯಾಕ್ಸ್ ಎರಡೂ ಬೇಡ, ಅಲ್ಲಲ್ಲಿ ಹೊಳೆಯುವ ತೇಪೆಗಳಾಗುತ್ತವೆ, ಅದನ್ನು ಹಿಂದಕ್ಕೆ ತರಲಾಗದು. ಮ್ಯಾಟ್‌ಗೆಂದೇ ಮಾಡಿದ ಸೀಲೆಂಟ್ ಬಳಸಿ.

ಹೆಡ್‌ಲೈಟ್ ಹಳದಿಯಾಗಿದೆ. ಅದೂ ಬಿಸಿಲಿಗೇನಾ?

ಹೌದು. ಅದು ಗಾಜು ಅಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ಯುವಿ ತಡೆ ಪದರ ಹೋದ ಮೇಲೆ ಹಳದಿಯಾಗುತ್ತದೆ. ಉಜ್ಜಿ ಸ್ವಚ್ಛ ಮಾಡಬಹುದು, ಆದರೆ ಉಜ್ಜಿದ ಮೇಲೆ ಯುವಿ ತಡೆಯುವ ಲೇಪ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ.

ಒಂದೆರಡು ತಿಂಗಳು ಊರಲ್ಲಿರಲ್ಲ. ಕಾರನ್ನು ಹೇಗೆ ಬಿಟ್ಟು ಹೋಗಲಿ?

ಚೆನ್ನಾಗಿ ತೊಳೆದು, ಸಂದುಗೊಂದುಗಳೂ ಒಣಗಲಿ ಅಂತ ಒಂದು ಸುತ್ತು ಓಡಿಸಿ, ಸೀಲೆಂಟ್ ಹಚ್ಚಿ, ಮಾಡಿನ ಕೆಳಗೆ ಗಾಳಿಯಾಡುವ ಕವರ್ ಹಾಕಿ. ಮಾಡು ಇಲ್ಲದಿದ್ದರೆ ಗೋಡೆಯ ಪೂರ್ವದ ಮಗ್ಗುಲಲ್ಲಿ ನಿಲ್ಲಿಸಿ, ಮಧ್ಯಾಹ್ನದ ಮೇಲಿನ ಬಿಸಿಲು ತಪ್ಪುತ್ತದೆ. ಯಾರಿಗಾದರೂ ಹತ್ತು ಹದಿನೈದು ದಿನಕ್ಕೊಮ್ಮೆ ಕವರ್ ಎತ್ತಿ ನೋಡಲು ಹೇಳಿ. ಇಲಿ ಗೂಡು ಮಾಡಿದ್ದರೂ ಆಗ ಗೊತ್ತಾಗುತ್ತದೆ.

ರೂಫ್ ಮೇಲೆ ಸಿಪ್ಪೆ ಎದ್ದಾಗಿದೆ. ಈಗ ಯಾವ ವ್ಯಾಕ್ಸ್ ಹಾಕಲಿ?

ಯಾವ ವ್ಯಾಕ್ಸ್‌ಗೂ ಅದು ಸರಿಹೋಗುವುದಿಲ್ಲ. ಪಾಲಿಶ್ ಮಾಡಿಸಿದರೆ ಅಂಚು ಇನ್ನಷ್ಟು ಏಳುತ್ತದೆ. ಎದ್ದ ಸಿಪ್ಪೆಯ ಮೇಲೆ ಸ್ಪ್ರೇ ಡಬ್ಬಿಯಿಂದ ಕ್ಲಿಯರ್ ಕೋಟ್ ಹೊಡೆದರೆ ಅದರ ಜೊತೆಗೇ ಅದೂ ಎದ್ದು ಬರುತ್ತದೆ. ಆ ಭಾಗವನ್ನು ಪೂರ್ತಿ ಉಜ್ಜಿ, ಬೇಸ್ ಕೋಟ್ ಮತ್ತು ಕ್ಲಿಯರ್ ಕೋಟ್ ಹೊಸದಾಗಿ ಹೊಡೆಸಬೇಕು. ಹಳೇ ಕಾರು, ಅಷ್ಟು ಖರ್ಚು ಬೇಡ ಅಂದರೆ ಹಾಗೇ ಓಡಿಸಿ, ಕೆಳಗಿನ ಪ್ರೈಮರ್ ಗಟ್ಟಿಯಿರುವವರೆಗೆ ತುಕ್ಕು ಹಿಡಿಯುವುದಿಲ್ಲ. ಒಮ್ಮೊಮ್ಮೆ ಬೆರಳಾಡಿಸಿ ನೋಡುತ್ತಿರಿ, ಲೋಹ ಇಣುಕಿದ ಕಡೆ ಟಚ್‌ಅಪ್ ಪೇಂಟ್, ಬೆಂಕಿಕಡ್ಡಿ ತಗೊಂಡು ಕೂತುಕೊಳ್ಳಿ.